ಹಳೆಯ ನಕ್ಷೆಗಳ ಸಾಕ್ಷ್ಯಬಲ: ಗಡಿಯ ಎನ್‌ಕ್ಲೇವ್‌ಗಳನ್ನು ಕುರಿತು ಒಂದು ವಿವೇಚನೆ

ಒಂದು ದೇಶದ ನೆಲದ ತುಣುಕು ಮತ್ತೊಂದು ದೇಶದ ನೆಲದಿಂದ ಪೂರ್ಣವಾಗಿ ಸುತ್ತುವರಿದಿದ್ದರೆ ಅದನ್ನು ಎನ್‌ಕ್ಲೇವ್ ಎಂದು ಕರೆಯುವುದು ವಾಡಿಕೆ. ಹಳೆಯ ನಕ್ಷೆಯೊಂದರಲ್ಲಿ ಇಂತಹ ತುಣುಕು ಕಾಣಿಸಿದ ಮಾತ್ರಕ್ಕೆ ಅದು ಇಂದಿಗೂ ಅಸ್ತಿತ್ವದಲ್ಲಿದೆ ಎನ್ನಬಹುದೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಹಸ್ತಪ್ರತಿಗಳೊಡನೆ ವ್ಯವಹರಿಸುವವರಿಗೆ ಇದು ತೀರ ಅಪರಿಚಿತವಾದ ಸಮಸ್ಯೆಯಲ್ಲ. ಓಲೆಗರಿಯ ಪ್ರತಿಯೊಂದು ತಾನು ಸಿದ್ಧವಾದ ಕಾಲದ ಪಾಠಕ್ಕೆ ಸಾಕ್ಷಿಯಾಗಬಲ್ಲದೇ ಹೊರತು ಅನಂತರದ ಮಾರ್ಪಾಡುಗಳಿಗಲ್ಲ. ಒಂದೇ ಮಾತೃಕೆಯಿಂದ ಇಳಿದ ಹತ್ತು ಪ್ರತಿಗಳನ್ನು ಹತ್ತು ಸಾಕ್ಷ್ಯಗಳೆಂದು ಯಾವ ಸಂಪಾದಕನೂ ಎಣಿಸುವುದಿಲ್ಲ. ನಕ್ಷೆಗಳಿಗೂ ಈ ನ್ಯಾಯವೇ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

ಕೂಚ್ ಬಿಹಾರದ ಛಿಟ್‌ಮಹಲ್‌ಗಳು ಇದಕ್ಕೆ ಉತ್ತಮ ನಿದರ್ಶನ. ಕೂಚ್ ಬಿಹಾರದ ರಾಜನೂ ರಂಗಪುರದ ಫೌಜುದಾರನೂ ಚದುರಂಗದಾಟದಲ್ಲಿ ಹಳ್ಳಿಗಳನ್ನು ಪಣಕ್ಕಿಟ್ಟುದರಿಂದ ಇವು ಹುಟ್ಟಿದವೆಂಬ ಐತಿಹ್ಯ ಜನಜನಿತವಾಗಿದೆ. ಇತಿಹಾಸಕಾರರು ಇವುಗಳ ಮೂಲವನ್ನು ಕಾಣುವುದು 1713ರಲ್ಲಿ ಮೊಗಲರೊಡನೆ ನಡೆದ ಒಪ್ಪಂದದಲ್ಲಿ. 1947ರ ವಿಭಜನೆ ಮತ್ತು 1949ರಲ್ಲಿ ಕೂಚ್ ಬಿಹಾರ ಭಾರತದಲ್ಲಿ ವಿಲೀನಗೊಂಡುದು, ಇವೆರಡರ ಫಲವಾಗಿ ಹಿಂದೆ ಕಂದಾಯದ ಗೆರೆಗಳಾಗಿದ್ದವು ರಾಷ್ಟ್ರಗಳ ಗಡಿಗಳಾಗಿ ಪರಿಣಮಿಸಿದವು. ದಹಲಾ ಖಗ್ರಾಬಾಡಿ ಎಂಬಲ್ಲಿ ಭಾರತದ ನೆಲವನ್ನು ಬಾಂಗ್ಲಾದೇಶದ ಹಳ್ಳಿಯೂ, ಅದನ್ನು ಭಾರತದ ಹಳ್ಳಿಯೂ, ಅದನ್ನು ಮತ್ತೆ ಬಾಂಗ್ಲಾದೇಶವೂ ಸುತ್ತುವರಿದಿದ್ದವು.

1974ರ ಭೂಗಡಿ ಒಪ್ಪಂದ, 2011ರ ಪೂರಕ ಒಪ್ಪಂದ ಹಾಗೂ 2015ರಲ್ಲಿ ಆದ ಸಂವಿಧಾನದ ನೂರನೆಯ ತಿದ್ದುಪಡಿ, ಇವುಗಳ ಅನುಸಾರವಾಗಿ 2015ರ ಜುಲೈ 31ರ ನಡುರಾತ್ರಿ ಭಾರತದ 111 ಛಿಟ್‌ಗಳು ಬಾಂಗ್ಲಾದೇಶಕ್ಕೂ ಬಾಂಗ್ಲಾದೇಶದ 51 ಛಿಟ್‌ಗಳು ಭಾರತಕ್ಕೂ ಸೇರಿಹೋದವು. ದಹಲಾ ಖಗ್ರಾಬಾಡಿಯೂ ಹೀಗೆ ಇಲ್ಲವಾಯಿತು. ಆದರೆ ದಹಗ್ರಾಮ-ಅಂಗರಪೋತ ಈ ವಿನಿಮಯಕ್ಕೆ ಒಳಪಡಲಿಲ್ಲ. 1974ರ ಒಪ್ಪಂದವೇ ಅದನ್ನು ಬಾಂಗ್ಲಾದೇಶಕ್ಕೆ ಉಳಿಸಿಕೊಟ್ಟಿತ್ತು. 1992ರಲ್ಲಿ ತೆರೆದ ತೀನ್ ಬಿಘಾ ಹಾದಿ ಅದನ್ನು ತಾಯ್ನೆಲಕ್ಕೆ ಜೋಡಿಸುತ್ತದೆ. 2015ಕ್ಕೆ ಹಿಂದಿನ ನಕ್ಷೆಯನ್ನು ಹರಡಿಕೊಂಡು ಕುಳಿತರೆ ಅಳಿದ ಛಿಟ್‌ಗಳೂ ಉಳಿದ ಛಿಟ್ಟೂ ಒಂದೇ ಬಗೆಯ ಗೆರೆಯಲ್ಲಿ ಕಾಣಿಸುತ್ತವೆ. ಯಾವುದು ಇದೆ, ಯಾವುದು ಇಲ್ಲ ಎಂಬುದನ್ನು ನಕ್ಷೆ ಹೇಳಲಾರದು. ಅದನ್ನು ಹೇಳುವುದು ಒಪ್ಪಂದ.

ಹಾಗೆಂದು ಹಳೆಯ ನಕ್ಷೆಗಳೆಲ್ಲ ನಿಷ್ಪ್ರಯೋಜಕವೆಂದು ತೀರ್ಮಾನಿಸುವುದು ಆತುರವಾದೀತು. ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್‌ಗಳ ನಡುವಣ ಬಾರ್ಲೆಯಲ್ಲಿ 91 ಮತ್ತು 92ನೆಯ ಸಂಖ್ಯೆಯ ಎರಡು ಹಿಡುವಳಿಗಳ ಬಗ್ಗೆ ವ್ಯಾಜ್ಯ ಹುಟ್ಟಿತು. 1841ರ ಸ್ಥಳೀಯ ದಾಖಲೆಯ ಪಾಠದಂತೆ ಅವು ಡಚ್ ಗ್ರಾಮದವು. 1843ರ ಗಡಿ ಒಪ್ಪಂದದ ವಿವರಣಾ ಪತ್ರದಂತೆ ಬೆಲ್ಜಿಯಂ ಗ್ರಾಮದವು. ಇದು ನಕಲು ಮಾಡುವಾಗ ಆದ ಸ್ಖಾಲಿತ್ಯವೆಂದು ಡಚ್ಚರು ವಾದಿಸಿದರು. ಇಲ್ಲಿ ನಮಗೆ ಚೆನ್ನಾಗಿ ಪರಿಚಿತವಾದ ಪಾಠಾಂತರದ ಪ್ರಶ್ನೆಯೇ ನ್ಯಾಯಾಲಯದ ಮೆಟ್ಟಿಲೇರಿತೆಂಬುದು ಗಮನಾರ್ಹ. 1959ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವು ಆ ವಾದವನ್ನು ತಳ್ಳಿಹಾಕಿ ಬೆಲ್ಜಿಯಂ ಪರವಾಗಿ ತೀರ್ಪಿತ್ತಿತು. ಹಳೆಯ ನಕ್ಷೆ ಅಲ್ಲಿ ಬೆಲೆ ಪಡೆದುದು ಅದು ಒಪ್ಪಂದದ ಅಂಗವಾಗಿತ್ತೆಂಬ ಕಾರಣದಿಂದ, ಅದರ ಪ್ರಾಚೀನತೆಯಿಂದಲ್ಲ. 1986ರಲ್ಲಿ ಬುರ್ಕಿನಾ ಫಾಸೊ ಮತ್ತು ಮಾಲಿ ದೇಶಗಳ ವ್ಯಾಜ್ಯದಲ್ಲಿ ಅದೇ ನ್ಯಾಯಾಲಯದ ಪೀಠವು ಈ ತತ್ತ್ವವನ್ನು ಸ್ಪಷ್ಟಪಡಿಸಿತು: ನಕ್ಷೆ ಕೇವಲ ಮಾಹಿತಿ, ತಾನಾಗಿಯೇ ಅದು ನೆಲದ ಹಕ್ಕನ್ನು ಹುಟ್ಟಿಸಲಾರದು.

ಮುಂಬಯಿ, ಪುಣೆಗಳ ದಾಖಲೆಗಳಲ್ಲಿ ಕೆಲಸ ಮಾಡುವ ನಮ್ಮ ಸಂಶೋಧಕರಿಗೆ ಇದು ದೂರದ ವಿಷಯವೆನಿಸಬೇಕಾಗಿಲ್ಲ. ಮುಂಬಯಿ ಪ್ರಾಂತದ ಹಳೆಯ ನಕ್ಷೆಗಳಲ್ಲಿ ಶಿರಹಟ್ಟಿಯೂ ಬೆಳಗಾವಿಯ ಶಹಾಪುರವೂ ಸಾಂಗಲಿ ಸಂಸ್ಥಾನದ ಬಿಡಿ ತುಣುಕುಗಳಾಗಿ, ಬ್ರಿಟಿಷ್ ಆಡಳಿತದ ನೆಲದ ನಡುವೆ ಬೇರೆಯೇ ಬಣ್ಣದಲ್ಲಿ ತೋರುತ್ತವೆ. ಸಂಸ್ಥಾನದ ವಿಲೀನದೊಂದಿಗೆ ಆ ಬಣ್ಣ ಅರ್ಥ ಕಳೆದುಕೊಂಡಿತು. ಅಲ್ಲಿನ ಶಾಸನ, ಕಡತ, ಕಾವ್ಯಪ್ರತಿಗಳು ಸಾಂಗಲಿಯ ದಫ್ತರಕ್ಕೆ ಏಕೆ ಹೋದವೆಂದು ಹುಡುಕುವವರಿಗೆ ಮಾತ್ರ ಅದು ಇಂದಿಗೂ ಅಮೂಲ್ಯ. ಎಂದರೆ, ಹಳೆಯ ನಕ್ಷೆ ಆಗ ಏನಿತ್ತೆಂಬುದಕ್ಕೆ ಪ್ರಮಾಣ. ಈಗ ಏನಿದೆ ಎಂಬುದನ್ನು ಹುಡುಕಲು ಒಂದು ಸುಳಿವು ಅಷ್ಟೆ.

ಈ ವಿವೇಕ ಬರಿಯ ಪಾಂಡಿತ್ಯದ ಶಿಸ್ತಲ್ಲ. ಭಾರತಕ್ಕೆ ಸೇರಿದ 51 ಛಿಟ್‌ಗಳಲ್ಲಿ 2011ರ ಜಂಟಿ ಗಣತಿಯಂತೆ 14,215 ಜನರಿದ್ದರು. ದಶಕಗಳ ಕಾಲ ಮತವೂ ಶಾಲೆಯೂ ಪೊಲೀಸರ ರಕ್ಷಣೆಯೂ ಇಲ್ಲದೆ ಬಾಳಿದ ಅವರಿಗೆ 2015ರಲ್ಲಿ ಪೌರತ್ವ ದೊರೆಯಿತು. ಹಳೆಯ ನಕ್ಷೆಯನ್ನೇ ನಂಬಿ ಆ ಛಿಟ್‌ಗಳು ಇನ್ನೂ ಇವೆಯೆಂದು ಬರೆಯುವ ಸಂಶೋಧಕ, ತಾನರಿಯದೆಯೇ, ಆ ಜನರನ್ನು ಅವರ ಊರಿನಲ್ಲಿಯೇ ಪರದೇಶಿಗಳನ್ನಾಗಿ ಮಾಡುತ್ತಾನೆ. ಆದ್ದರಿಂದ ನಕ್ಷೆಯ ಕಾಲವನ್ನೂ ಮಾತೃಕೆಯನ್ನೂ ಗುರುತಿಸಿ, ಅದರ ಅನಂತರದ ಒಪ್ಪಂದಗಳೊಡನೆ ಹೋಲಿಸಿ ನೋಡಿದ ಮೇಲೆಯೇ ‘ಇದೆ’ ಎಂಬ ಕ್ರಿಯಾಪದವನ್ನು ಬಳಸುವುದು ಉಚಿತ.