ಆಡಿದವರೇ ಕೆತ್ತಿದ ಶಾಸನ

ತೊಂಬತ್ತರ ದಶಕದ ಕೊನೆಗೆ ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬ್ ಎಂದರೆ ಡೇವ್. ಚಪ್ಪಲಿ ಹೊರಗೆ ಬಿಟ್ಟು ಸಾಲಾಗಿ ಒಳಗೆ ಹೋಗುವುದು, ಒಂದು ಕಂಪ್ಯೂಟರಿಗೆ ಮೂವರು ಮುಗಿಬೀಳುವುದು, ಮೇಷ್ಟ್ರು ಬೋರ್ಡಿನ ಕಡೆ ತಿರುಗುತ್ತಲೇ ಆ ಪುಟ್ಟ ಮನುಷ್ಯನನ್ನು ಓಡಿಸಲು ಶುರು. ಹರಳು ಹೆಕ್ಕಬೇಕು, ಬೆಂಕಿ ದಾಟಬೇಕು, ಬಟ್ಟಲು ಹಿಡಿದು ಬಾಗಿಲು ಸೇರಬೇಕು. 'ಡೇಂಜರಸ್ ಡೇವ್' ಆಟದ ಮೊದಲ ಪರದೆಯ ಮೇಲೇ ಅದನ್ನು ಮಾಡಿದವರ ಹೆಸರಿತ್ತು: ಜಾನ್ ರೊಮೆರೊ. ಆ ಸಾಲನ್ನು ನಾನು ನೂರಾರು ಸಲ ನೋಡಿರಬೇಕು, ಒಮ್ಮೆಯೂ ಓದಿರಲಿಲ್ಲ. ಆಟವನ್ನು ಯಾರೋ ಕೂತು ಮಾಡಿರುತ್ತಾರೆ ಎಂಬ ಯೋಚನೆಯೇ ನಮಗೆ ಬಂದಿರಲಿಲ್ಲ. ಮಳೆ ಬಂದ ಹಾಗೆ, ಬಿಸಿಲು ಬಿದ್ದ ಹಾಗೆ, ಆಟ ಕಂಪ್ಯೂಟರಿನಲ್ಲಿ ಇರುತ್ತಿತ್ತು, ಅಷ್ಟೇ.

ಎಷ್ಟೋ ವರ್ಷಗಳ ಮೇಲೆ ಮೋಬಿಗೇಮ್ಸ್ ಎಂಬ ಜಾಲತಾಣದಲ್ಲಿ ಡೇವ್‌ನ ಪುಟ ಸಿಕ್ಕಿತು. ಅಲ್ಲಿಂದ ಒಂದು ಹೆಸರನ್ನು ಒತ್ತಿದರೆ ಒಬ್ಬ ಮನುಷ್ಯನ ಇಡೀ ಕಸುಬಿನ ಬದುಕು ತೆರೆದುಕೊಳ್ಳುತ್ತದೆ. ನಮ್ಮ ಲ್ಯಾಬಿನ ಡೇವ್‌ನನ್ನು ಮಾಡಿದಾತನೇ 1993ರಲ್ಲಿ 'ಡೂಮ್' ಕಟ್ಟಿದವರಲ್ಲಿ ಒಬ್ಬ ಎಂದು ನನಗೆ ತಿಳಿದದ್ದು ಹಾಗೆ. ಆವತ್ತಿನಿಂದ ಈ ತಾಣವನ್ನು ಓದುತ್ತ ಬಂದಿದ್ದೇನೆ. ವಿಡಿಯೊ ಗೇಮ್‌ಗಳ ಬಗ್ಗೆ ಅಭಿಪ್ರಾಯ ಬರೆಯುವವರು ಸಾವಿರ ಮಂದಿ ಇದ್ದಾರೆ. ಆಟ ಮಾಡಿದವರು ಯಾರು ಎಂದು ಪಟ್ಟುಹಿಡಿದು ಬರೆದಿಟ್ಟವರು ಕಡಿಮೆ. ಮೆಚ್ಚುವುದಕ್ಕೂ ತೆಗಳುವುದಕ್ಕೂ ಮೊದಲು ಅದು ಯಾರ ಕೈಕೆಲಸ ಎಂದು ತಿಳಿದಿರಬೇಕು. ವಿಮರ್ಶೆ ಶುರುವಾಗುವುದೇ ಅಲ್ಲಿಂದ. ಆ ಮೊದಲ ಕೆಲಸವನ್ನು ಸಂಬಳವಿಲ್ಲದ ಅಭಿಮಾನಿಗಳು ಕಾಲು ಶತಮಾನ ನಡೆಸಿಕೊಂಡು ಬಂದಿದ್ದಾರೆ. ಅದು ಎಷ್ಟು ಚೆನ್ನಾಗಿ ನಡೆದಿದೆ, ಎಲ್ಲಿ ಸೋತಿದೆ ಎಂದು ನೋಡುವುದು ಇಲ್ಲಿನ ಉದ್ದೇಶ.

1999ರ ಮಾರ್ಚ್ 1ರಂದು ಅಮೆರಿಕದ ಜಿಮ್ ಲೆನರ್ಡ್ ಮತ್ತು ಬ್ರಯನ್ ಹರ್ಟ್ ಇದನ್ನು ಶುರುಮಾಡಿದರು. ಒಂದೂವರೆ ವರ್ಷದ ಮೇಲೆ ಡೇವಿಡ್ ಬರ್ಕ್ ಸೇರಿಕೊಂಡರು. ಮೂವರೂ ಹೈಸ್ಕೂಲಿನ ಗೆಳೆಯರು. ಮೊದಲು ದಾಖಲಾದದ್ದು ಪಿಸಿ ಆಟಗಳು ಮಾತ್ರ. ಎರಡು ವರ್ಷ ಕಳೆದ ಮೇಲೆ ಪ್ಲೇಸ್ಟೇಷನ್‌ನಂಥ ಯಂತ್ರಗಳ ಆಟಗಳಿಗೂ ಜಾಗ ಸಿಕ್ಕಿತು. ಮುಂದೆ ಬೆಳೆದದ್ದು ಹುತ್ತ ಬೆಳೆದ ಹಾಗೆ: ಒಬ್ಬೊಬ್ಬರು ಒಂದೊಂದು ಕಣ ತಂದರು. ಒಬ್ಬ ತನ್ನ ಬಾಲ್ಯದ ಕಮೊಡೋರ್ ಕಂಪ್ಯೂಟರಿನ ಆಟಗಳನ್ನು ಹಿಡಿದು ಕೂತ, ಇನ್ನೊಬ್ಬ ಜಪಾನಿನ ಪೆಟ್ಟಿಗೆಗಳ ಮುಖಪುಟ ಸ್ಕ್ಯಾನ್ ಮಾಡಿದ, ಮತ್ತೊಬ್ಬ ಆಟ ಮುಗಿದ ಮೇಲೆ ಉರುಳುವ ಹೆಸರುಗಳನ್ನು ನಿಲ್ಲಿಸಿ ನಿಲ್ಲಿಸಿ ಟೈಪ್ ಮಾಡಿದ. ಇಂದು ಅಲ್ಲಿ ಲಕ್ಷಗಟ್ಟಲೆ ಆಟಗಳಿವೆ.

ಹೆಸರಿಗೆ ಇಷ್ಟೊಂದು ಮಹತ್ವ ಯಾಕೆ ಎಂದು ಕೇಳುವವರು ಈ ಉದ್ಯಮದ ಬಾಲ್ಯವನ್ನು ನೋಡಬೇಕು. ಎಪ್ಪತ್ತರ ದಶಕದ ಅಟಾರಿ ಕಂಪನಿ ತನ್ನ ಪ್ರೋಗ್ರಾಮರುಗಳ ಹೆಸರನ್ನು ಆಟದಲ್ಲಾಗಲಿ ಪೆಟ್ಟಿಗೆಯ ಮೇಲಾಗಲಿ ಹಾಕುತ್ತಿರಲಿಲ್ಲ. ವಾರನ್ ರಾಬಿನೆಟ್ ಎಂಬಾತ ಒಬ್ಬನೇ ಕೂತು 'ಅಡ್ವೆಂಚರ್' ಎಂಬ ಆಟ ಬರೆದ. ಕಪ್ಪು ಕೋಟೆಯೊಳಗಿನ ಒಂದು ಮುಚ್ಚಿದ ಕೋಣೆಯಲ್ಲಿ, ಹಿನ್ನೆಲೆಯ ಬಣ್ಣವನ್ನೇ ಬಳಿದ ಒಂದೇ ಒಂದು ಚುಕ್ಕೆಯನ್ನು ಆತ ಬಚ್ಚಿಟ್ಟ. ಕಣ್ಣಿಗೆ ಕಾಣದ ಆ ಚುಕ್ಕೆಯನ್ನು ಎತ್ತಿಕೊಂಡು ಸರಿಯಾದ ಗೋಡೆಯ ಬಳಿ ಹೋದರೆ ಗೋಡೆ ದಾರಿ ಬಿಡುತ್ತದೆ. ಆಚೆಗೊಂದು ಕೋಣೆ. ಅದರ ನಟ್ಟನಡುವೆ ಮೇಲಿಂದ ಕೆಳಗೆ ಬಣ್ಣ ಬದಲಿಸುತ್ತ ಮಿನುಗುವ ಅಕ್ಷರಗಳಲ್ಲಿ, ಇದನ್ನು ಮಾಡಿದ್ದು ವಾರನ್ ರಾಬಿನೆಟ್ ಎಂಬ ಮಾತು. ಈ ಗುಟ್ಟನ್ನು ಯಾರಿಗೂ ಹೇಳದೆ ಆತ ಕೆಲಸ ಬಿಟ್ಟ. ಆಟ 1980ರಲ್ಲಿ ಅಂಗಡಿಗೆ ಬಂದ ಮೇಲೆ ಯೂಟಾ ರಾಜ್ಯದ ಒಬ್ಬ ಹುಡುಗ ಅದನ್ನು ಕಂಡುಹಿಡಿದು ಪತ್ರ ಬರೆದಾಗಲೇ ಕಂಪನಿಗೆ ವಿಷಯ ತಿಳಿದದ್ದು. ಅದಕ್ಕೂ ಮೊದಲೇ, 1979ರಲ್ಲಿ, ಹೆಸರೂ ಇಲ್ಲ ತಕ್ಕ ಪಾಲೂ ಇಲ್ಲ ಎಂದು ನಾಲ್ವರು ಪ್ರೋಗ್ರಾಮರುಗಳು ಅಟಾರಿ ಬಿಟ್ಟು ಬಂದು ಆಕ್ಟಿವಿಷನ್ ಕಟ್ಟುವುದರಲ್ಲಿ ಪಾಲ್ಗೊಂಡಿದ್ದರು. ಆ ಕಂಪನಿ ಆಟ ಮಾಡಿದವರ ಹೆಸರನ್ನು ಪೆಟ್ಟಿಗೆಯ ಮೇಲೇ ಅಚ್ಚು ಹಾಕಿತು.

ರಾಬಿನೆಟ್‌ನ ಹಂಬಲ ನಮಗೆ ಹೊಸದೇನಲ್ಲ. ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಕಟ್ಟಿಸಿದ ರಾಜನ ಹೆಸರು ದೊಡ್ಡ ಶಾಸನದಲ್ಲಿ ಹೇಗೂ ಉಳಿಯುತ್ತದೆ. ಉಳಿ ಹಿಡಿದವನ ಹೆಸರನ್ನು ಅವನೇ ಬರೆದುಕೊಳ್ಳಬೇಕು, ಇನ್ನೊಬ್ಬ ಅದನ್ನು ಓದಿ ಪಡಿಯಚ್ಚು ತೆಗೆದು ಪುಸ್ತಕದಲ್ಲಿ ಸೇರಿಸಬೇಕು. ಮೋಬಿಗೇಮ್ಸ್ ಮಾಡಿದ್ದು ಈ ಎರಡನೆಯ ಕೆಲಸವನ್ನು.

ಆ ಕೆಲಸದ ಶಿಸ್ತೇ ಇದರ ಮೊದಲ ಹಿರಿಮೆ. ಇಲ್ಲಿ ಯಾರು ಬೇಕಾದರೂ ಮಾಹಿತಿ ಕಳಿಸಬಹುದು, ಆದರೆ ಕಳಿಸಿದ್ದೆಲ್ಲ ನೇರವಾಗಿ ಪ್ರಕಟವಾಗುವುದಿಲ್ಲ. ಅನುಭವಿ ಸ್ವಯಂಸೇವಕರೊಬ್ಬರು ಅದನ್ನು ಪರಿಶೀಲಿಸುತ್ತಾರೆ. ಈ ಹೆಸರು ಎಲ್ಲಿ ಸಿಕ್ಕಿತು, ಕೈಪಿಡಿಯಲ್ಲೋ ಪರದೆಯ ಮೇಲೋ? ಈ ಬಿಡುಗಡೆಯ ವರ್ಷ ಯಾವ ದೇಶದ್ದು? ಈ ಚಿತ್ರ ಅದೇ ಯಂತ್ರದಲ್ಲಿ ತೆಗೆದದ್ದೋ? ತೃಪ್ತಿಯಾಗದಿದ್ದರೆ ಬರಹ ಹಿಂದಕ್ಕೆ. ಹೊಸಬರಿಗೆ ಇದು ಕಿರಿಕಿರಿ. ಕಳಿಸಿದ್ದು ಸರದಿಯಲ್ಲಿ ವಾರಗಟ್ಟಲೆ ಕಾದರಂತೂ ಉತ್ಸಾಹ ಇಳಿದುಹೋಗುತ್ತದೆ. ಆದರೂ ಈ ನಿಧಾನವನ್ನು ನಾನು ಗುಣ ಎಂದೇ ಎಣಿಸುತ್ತೇನೆ. ಇಂಟರ್ನೆಟ್ಟಿನಲ್ಲಿ ಒಂದು ತಪ್ಪು ಹುಟ್ಟಿದರೆ ನೂರು ಕಡೆ ನಕಲಾಗುತ್ತದೆ. ಎಲ್ಲಿಂದ ತಂದೆ ಎಂದು ಬಾಗಿಲಲ್ಲೇ ಕೇಳುವವರೊಬ್ಬರು ಇದ್ದರೆ ಮಾತ್ರ ಅಂಥ ಮನೆಯನ್ನು ನಂಬಬಹುದು.

ಎರಡನೆಯ ಹಿರಿಮೆ, ಹೆಸರುಗಳನ್ನು ಒಂದಕ್ಕೊಂದು ಹೆಣೆದದ್ದು. ನಾಸಿರ್ ಗೆಬೆಲ್ಲಿ ಎಂಬ ಇರಾನ್ ಮೂಲದ ಪ್ರೋಗ್ರಾಮರ್ ಎಂಬತ್ತರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಆಪಲ್ 2 ಯಂತ್ರಕ್ಕೆ ವೇಗದ ಆಟಗಳನ್ನು ಬರೆದು ಹೆಸರಾದವರು. ಅದೇ ಗೆಬೆಲ್ಲಿ ಜಪಾನಿಗೆ ಹೋಗಿ 'ಫೈನಲ್ ಫ್ಯಾಂಟಸಿ' ಸರಣಿಯ ಮೊದಲ ಮೂರು ಆಟಗಳಿಗೆ ಪ್ರೋಗ್ರಾಮ್ ಬರೆದರು. ಜಪಾನಿನ ಆಟಗಳು ಜಪಾನಿನ ಮಣ್ಣಲ್ಲೇ ಹುಟ್ಟಿದವು, ಅಮೆರಿಕದ್ದು ಅಮೆರಿಕದಲ್ಲಿ ಎಂದು ಖಾನೆ ಮಾಡಿ ಕೂತವರಿಗೆ ಒಬ್ಬ ಮನುಷ್ಯನ ಪಟ್ಟಿಯೇ ಉತ್ತರ ಹೇಳುತ್ತದೆ. ಎಂಬತ್ತರ ದಶಕದ ಜಪಾನಿನಲ್ಲಿ ಬೇರೆ ಕಂಪನಿಯವರು ಕೆಲಸಗಾರರನ್ನು ಸೆಳೆದುಕೊಂಡಾರು ಎಂಬ ಭಯಕ್ಕೆ ಅಡ್ಡಹೆಸರು ಹಾಕುವ ರೂಢಿಯಿತ್ತು. 'ಮೆಗಾ ಮ್ಯಾನ್' ಆಟದ ಕೊನೆಯಲ್ಲಿ ಕಾಣುವ ಇನಾಫ್‌ಕಿಂಗ್ ಎಂದರೆ ಕೆಯ್ಜಿ ಇನಾಫುನೆ. ಇಂಥ ಅಡ್ಡಹೆಸರಿನ ಹಿಂದಿನ ಮನುಷ್ಯನನ್ನು ಗುರುತಿಸಿ, ಅವರ ಬೇರೆ ಕೆಲಸಗಳ ಜೊತೆ ಕೂಡಿಸುವುದು ತಾಳ್ಮೆಯ ಸಂಶೋಧನೆ.

ಇಷ್ಟಾದರೂ ದೊಡ್ಡದೊಂದು ಮಿತಿ ಉಳಿದೇ ಇದೆ: ಆಟದಲ್ಲಿ ಕಾಣಿಸದ ಹೆಸರು ಪಟ್ಟಿಗೂ ಬರುವುದಿಲ್ಲ. 2011ರಲ್ಲಿ 'ಎಲ್.ಎ. ನ್ವಾರ್' ಬಂದಾಗ ನೂರಕ್ಕೂ ಹೆಚ್ಚು ಕೆಲಸಗಾರರ ಹೆಸರು ಬಿಟ್ಟುಹೋಗಿತ್ತು, ಅವರು ತಮ್ಮ ಪಟ್ಟಿಯನ್ನು ತಾವೇ ಪ್ರಕಟಿಸಬೇಕಾಯಿತು. 2021ರ 'ಮೆಟ್ರಾಯ್ಡ್ ಡ್ರೆಡ್' ಆಟದಲ್ಲಿ ಒಟ್ಟು ಅವಧಿಯ ಕಾಲು ಭಾಗದಷ್ಟಾದರೂ ದುಡಿಯದವರಿಗೆ ಹೆಸರಿಲ್ಲ ಎಂದು ಕಂಪನಿ ನಿಯಮ ತೋರಿಸಿತು. ಇದು ನಮ್ಮ ಊರಿಗೂ ತಾಗುವ ಮಾತು. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಶುರುಮಾಡಿದಾಗಿನಿಂದ ಇಲ್ಲಿನ ಕಲಾವಿದರು ಹೊರದೇಶದ ದೊಡ್ಡ ಆಟಗಳಿಗೆ ಕಾರು, ಕಟ್ಟಡ, ಮರಗಿಡ ರಚಿಸಿಕೊಟ್ಟಿದ್ದಾರೆ. ಧ್ರುವವನ್ನು 2019ರಲ್ಲಿ ಆಟಗಳ ದೊಡ್ಡ ಕಂಪನಿ ರಾಕ್‌ಸ್ಟಾರ್ ಕೊಂಡುಕೊಂಡಿತು. ರಾಕ್‌ಸ್ಟಾರ್‌ನ ಬೆಂಗಳೂರು ಶಾಖೆ ಅದಕ್ಕೂ ಮೊದಲೇ, 2018ರ 'ರೆಡ್ ಡೆಡ್ ರಿಡೆಂಪ್ಷನ್ 2' ಆಟಕ್ಕೆ ದುಡಿದಿತ್ತು. ಅಂಥ ಆಟ ಮುಗಿದು ಹೆಸರುಗಳು ಉರುಳುವಾಗ ನಮ್ಮ ಕಡೆಯ ಹೆಸರು ಕಂಡರೆ ಎದೆ ಉಬ್ಬುತ್ತದೆ. ಆದರೆ ಹೊರಗುತ್ತಿಗೆಯ ಕೆಲಸದಲ್ಲಿ ಎಷ್ಟೋ ಸಲ ಕಂಪನಿಯ ಹೆಸರೊಂದೇ ಇರುತ್ತದೆ, ಕೈಗಳ ಹೆಸರಿರುವುದಿಲ್ಲ. ಮುದ್ರಿತ ಪಟ್ಟಿಯನ್ನೇ ಪ್ರಮಾಣ ಎಂದು ಹಿಡಿದ ತಾಣ, ಆ ಪಟ್ಟಿಯ ಅನ್ಯಾಯವನ್ನೂ ನಕಲು ಮಾಡುತ್ತದೆ. ಬಿಟ್ಟುಹೋದವರಿಗೆ, ಪುರಾವೆ ಸಹಿತ, ಬೇರೆಯದೇ ಒಂದು ಪಂಕ್ತಿ ಹಾಕುವ ಸ್ಪಷ್ಟ ಕ್ರಮ ಇರಬೇಕಿತ್ತು.

ಇನ್ನೊಂದು ಸೋಲು ಬರವಣಿಗೆಯದು. ಸದಸ್ಯರ ವಿಮರ್ಶೆಗಳಿಗೆ ತಾಣ ಬಹುಕಾಲ ಒಂದು ಅಚ್ಚು ಕೊಟ್ಟಿತ್ತು: ಒಳ್ಳೆಯದು, ಕೆಟ್ಟದ್ದು, ಕೊನೆಯ ಮಾತು. ಹೊಸಬರಿಗೆ ಇದು ಊರುಗೋಲು, ನಿಜ. ಆದರೆ ಒಳ್ಳೆಯ ಆಟದಲ್ಲಿ ಒಳ್ಳೆಯದೂ ಕೆಟ್ಟದ್ದೂ ಬೇರೆ ಬೇರೆ ಡಬ್ಬಿಯಲ್ಲಿ ಇರುವುದಿಲ್ಲ. 'ಪ್ರಿನ್ಸ್ ಆಫ್ ಪರ್ಷಿಯಾ'ದ ರಾಜಕುಮಾರ ಗುಂಡಿ ಒತ್ತಿದ ಕೂಡಲೇ ಹಾರುವುದಿಲ್ಲ, ಮೈ ತೂಗಿ ಹಾರುತ್ತಾನೆ. ಆ ತಡವೇ ಆಟಗಾರನಿಗೆ ಕಾಟ, ಆ ತಡದಿಂದಲೇ ಅವನ ಮೈಗೆ ಭಾರ ಬಂದದ್ದು. ಇದನ್ನು ಯಾವ ಡಬ್ಬಿಗೆ ಹಾಕುವುದು? ಅಲ್ಲಿನ ವಿಮರ್ಶೆಗಳಲ್ಲಿ ಎಷ್ಟೋ ಈ ಅಚ್ಚಿನಲ್ಲೇ ಒಣಗಿಹೋಗಿವೆ. ದಾಖಲೆ ಗಟ್ಟಿ, ದನಿ ತೆಳು. ಅದಕ್ಕಿಂತ ಸ್ಕ್ರೀನ್‌ಶಾಟ್‌ಗಳ ಕೆಳಗೆ ಬರೆದ ಒಂದೊಂದು ಸಾಲಿನ ಟಿಪ್ಪಣಿಗಳೇ ಹೆಚ್ಚು ಜೀವಂತ.

ಈ ತಾಣ ಯಾರದು ಎಂಬ ಪ್ರಶ್ನೆ ಎಲ್ಲಕ್ಕಿಂತ ಗಂಭೀರವಾದದ್ದು. 2010ರಲ್ಲಿ ಅದನ್ನು ಗೇಮ್‌ಫ್ಲೈ ಎಂಬ, ಆಟಗಳನ್ನು ಬಾಡಿಗೆಗೆ ಕೊಡುವ ಅಮೆರಿಕದ ಕಂಪನಿ ಸದ್ದಿಲ್ಲದೆ ಕೊಂಡುಕೊಂಡಿತು. 2013ರ ಸೆಪ್ಟೆಂಬರಿನಲ್ಲಿ ತಾಣದ ರೂಪ ಬದಲಾಯಿತು. ಮಾಹಿತಿ ಸೇರಿಸುವವರಿಗೆ ಬೇಕಾದ ಅನುಕೂಲಗಳು ಮಾಯವಾದವು, ಮುಖ್ಯ ಕೊಡುಗೆದಾರರು ಕೈಚೆಲ್ಲಿ ಕೂತರು. ಹದಿನಾಲ್ಕು ವರ್ಷ ಬಿಟ್ಟಿ ದುಡಿದವರು ಕೆಲಸ ನಿಲ್ಲಿಸಿದಾಗ ಕಂಪನಿಯ ಕೈಯಲ್ಲಿ ಉಳಿಯುವುದು ಒಂದು ಗೋದಾಮು ಮಾತ್ರ. ಆ ವರ್ಷದ ಡಿಸೆಂಬರಿನಲ್ಲೇ ತಾಣ ಬ್ಲೂ ಫ್ಲೇಮ್ ಲ್ಯಾಬ್ಸ್‌ಗೆ ಮಾರಾಟವಾಯಿತು. ಆ ಕಂಪನಿಯ ಒಡೆಯ ಜೆರಮಾಯ ಫ್ರೇಹೋಲ್ಟ್ಸ್, ಆಟದ ಪೆಟ್ಟಿಗೆಗಳ ಚಿತ್ರಕ್ಕೆಂದೇ ಇರುವ ಇನ್ನೊಂದು ಅಭಿಮಾನಿ ತಾಣ ನಡೆಸುತ್ತಿದ್ದವರು. ಅವರು ಮೊದಲು ಮಾಡಿದ್ದು ಹಳೆಯ ರೂಪವನ್ನು ವಾಪಸ್ ತಂದದ್ದು. ನನ್ನ ಮಟ್ಟಿಗೆ ಈ ತಾಣದ ಚರಿತ್ರೆಯಲ್ಲಿ ಇದೇ ದೊಡ್ಡ ಘಟನೆ. ಜನ ಬೆಳೆಸಿದ್ದನ್ನು ಕೊಂಡುಕೊಳ್ಳಬಹುದು, ಜನರನ್ನು ಬಿಟ್ಟು ನಡೆಸಲಾಗದು ಎಂಬುದು ಅಲ್ಲಿ ಕಣ್ಣಿಗೆ ಕಟ್ಟುವ ಹಾಗೆ ಸಾಬೀತಾಯಿತು.

2022ರ ಮಾರ್ಚಿನಲ್ಲಿ 15 ಲಕ್ಷ ಡಾಲರಿಗೆ ಮೋಬಿಗೇಮ್ಸ್ ಮತ್ತೆ ಕೈಬದಲಾಯಿತು. ಕೊಂಡದ್ದು ಅಟಾರಿ. ಇದು ರಾಬಿನೆಟ್ ದುಡಿದ ಅದೇ ಸಂಸ್ಥೆಯಲ್ಲ, ಆ ಹೆಸರನ್ನು ಹೊತ್ತ ಇಂದಿನ ಕಂಪನಿ. ಆದರೂ ಹೆಸರು ಬರೆಯಲು ಬಿಡದ ಹಲಗೆಯ ಕೆಳಗೇ ಹೆಸರುಗಳ ಮನೆ ಬಂದು ನಿಂತಿದೆ. ಇದರಲ್ಲಿ ನನಗೆ ಹಿತವೂ ಇದೆ, ಆತಂಕವೂ ಇದೆ. ಹಣವಿದ್ದರೆ ಸರ್ವರ್ ನಡೆಯುತ್ತದೆ, ಹಳೆಯ ಕೋಡ್ ದುರಸ್ತಿಯಾಗುತ್ತದೆ. ಆದರೆ ಮಾರಾಟದ ಮೂರು ಸಂದರ್ಭಗಳಲ್ಲೂ ಬೆಲೆ ಕಟ್ಟಿದ್ದು ಸ್ವಯಂಸೇವಕರ ದುಡಿಮೆಗೆ, ಮಾತುಕತೆಗೆ ಕೂತದ್ದು ಒಡೆಯರು. ಗ್ರಂಥಾಲಯದ ಹಾಗೆ ಒಂದು ಟ್ರಸ್ಟ್ ಇದರ ಹೊಣೆ ಹೊರಬೇಕಿತ್ತು ಎಂಬ ನನ್ನ ನಿಲುವು ಬದಲಾಗಿಲ್ಲ. ಅದಾಗುವ ತನಕ, ಇಡೀ ಸಂಗ್ರಹದ ಒಂದು ಪ್ರತಿ ಸಾರ್ವಜನಿಕ ಭಂಡಾರದಲ್ಲಿ ಇರಬೇಕು ಎಂದಾದರೂ ಕೊಡುಗೆದಾರರು ಪಟ್ಟುಹಿಡಿಯಬೇಕು.

ಕೊರತೆಗಳನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ನನ್ನ ತೀರ್ಮಾನ ಸ್ಪಷ್ಟ. ಬೆಂಗಳೂರಿನ ಸ್ಟುಡಿಯೊಗಳಲ್ಲಿ ಇವತ್ತು ಸಾವಿರಾರು ಯುವಕ ಯುವತಿಯರು ಆಟಗಳಿಗೆ ದುಡಿಯುತ್ತಿದ್ದಾರೆ. ಯಾವ ಆಟಕ್ಕೆ ಯಾರು ಏನು ಮಾಡಿದರು ಎಂದು ಇಲ್ಲಿ ಕೂತು ಬರೆದಿಡುವವರು ನಮ್ಮಲ್ಲೂ ಹುಟ್ಟಬೇಕು. ಅದಕ್ಕೆ ಬೇಕಾದ ಮಾದರಿ ಕಣ್ಣೆದುರೇ ಇದೆ: ಒಂದು ಆಟ ಮುಗಿಸುವುದು, ಹೆಸರುಗಳು ಉರುಳುವಾಗ ಎದ್ದುಹೋಗದೆ ಕೂರುವುದು, ನಿಲ್ಲಿಸಿ ಓದುವುದು, ಕಾಗುಣಿತ ತಪ್ಪದೆ ಬರೆಯುವುದು. ಲ್ಯಾಬಿನಲ್ಲಿ ಡೇವ್‌ನನ್ನು ಓಡಿಸುವ ಆತುರದಲ್ಲಿ ನಾನು ಓದದೆ ದಾಟಿದ ಆ ಒಂದು ಸಾಲನ್ನು ಬೇರೆ ಯಾರೋ ನಿಂತು ಓದಿ ಬರೆದಿಟ್ಟಿದ್ದರು. ಇಪ್ಪತ್ತು ವರ್ಷದ ಮೇಲೆ ಅದು ನನಗೆ ಸಿಕ್ಕಿತು.