ಮಾತೇ ಹಾಡಾಗುವ ಹೊತ್ತು

ಬಿ. ಜಯಶ್ರೀ ಅವರ ಹಾಡನ್ನು ಧ್ವನಿಮುದ್ರಣದಲ್ಲಷ್ಟೇ ಕೇಳಿದವರಿಗೆ ಸಿಕ್ಕಿರುವುದು ಅರ್ಧ ಮಾತ್ರ. ರಂಗದ ಮೇಲೆ ಅವರ ಹಾಡು ಎಲ್ಲಿ ಶುರುವಾಗುತ್ತದೆ ಎಂದು ಗುರುತು ಹಾಕುವುದೇ ಕಷ್ಟ. ಮಾತಿನ ಕೊನೆ ಕೊಂಚ ಎಳೆಯುತ್ತದೆ, ಹಾರ್ಮೋನಿಯಂ ಆ ಶ್ರುತಿಯನ್ನು ಹಿಡಿಯುತ್ತದೆ, ಹೆಜ್ಜೆ ಒಂದು ಮುಂದೆ ಬರುತ್ತದೆ. ಅಷ್ಟರಲ್ಲಿ ಮಾತು ಹಾಡಾಗಿ ಹೋಗಿರುತ್ತದೆ. ಆ ಕಂಠಕ್ಕೆ ಸುಗಮ ಸಂಗೀತದ ನಯವಿಲ್ಲ, ಬೇಕಾಗಿಯೂ ಇಲ್ಲ. ಅದಕ್ಕೊಂದು ತೂಕವಿದೆ, ಒರಟಿದೆ; ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂದು ಮುಟ್ಟುತ್ತದೆ.

ಈ ಗಂಟಲು ತಯಾರಾದದ್ದು ಕಂಪನಿ ಮನೆಯಲ್ಲಿ. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವನ್ನು ನಾಡಿನ ಮನೆಮಾತಾಗಿಸಿದ ಗುಬ್ಬಿ ವೀರಣ್ಣನವರು ಇವರ ತಾತ. ತಾಯಿ ಮಾಲತಮ್ಮ ಸ್ವತಃ ರಂಗನಟಿ. ಹಾಡಲು ಬಾರದವರಿಗೆ ಒಳ್ಳೆಯ ಪಾತ್ರ ಸಿಗುವುದೇ ದುರ್ಲಭವಾಗಿದ್ದ ಪರಂಪರೆ ಅದು. ಅಲ್ಲಿಂದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ, ಇಬ್ರಾಹಿಂ ಅಲ್ಕಾಜಿ ಅವರ ಶಿಸ್ತಿನಲ್ಲಿ ಕಲಿತು, 1973ರಲ್ಲಿ ಪದವಿ ಪಡೆದು ಬಂದರು. ಹಾಗೆ ಕಲಿತು ಬಂದವರು ಕಂಪನಿ ನಾಟಕವನ್ನು ಹಳತೆಂದು ಬದಿಗಿಡಬಹುದಿತ್ತು. ಜಯಶ್ರೀ ಇಡಲಿಲ್ಲ. 1976ರಲ್ಲಿ 'ಸ್ಪಂದನ' ತಂಡ ಕಟ್ಟಿ, ಕಂಪನಿಯ ಹಾಡಿಗೂ ಜನಪದರ ಹಾಡಿಗೂ ಹೊಸ ರಂಗಭೂಮಿಯ ಬಾಗಿಲು ತೆರೆದರು.

ಅದೇ 1976ರಲ್ಲಿ ಫ್ರಾನ್ಸಿನ ನಟಿ ಜಾನ್ ಮೊರೊ 'ಲ್ಯುಮಿಯೇರ್' ಎಂಬ ಚಿತ್ರವನ್ನು ತಾವೇ ಬರೆದು, ನಿರ್ದೇಶಿಸಿ, ಅದರಲ್ಲಿ ನಟಿಸಿದರು. ಆಕೆಯೂ ಗಾಯಕಿ, ಹೊರಟದ್ದು ರಂಗಭೂಮಿಯಿಂದಲೇ. ನಟನೆ, ನಿರ್ದೇಶನ, ಗಾಯನ ಮೂರನ್ನೂ ಬಲ್ಲ ನಟಿಯರ ಮಾತು ಬಂದಾಗ ಜಗತ್ತು ಮೊರೊ ಹೆಸರು ಹೇಳುತ್ತದೆ. ಪಕ್ಕದಲ್ಲೇ ಜಯಶ್ರೀ ಹೆಸರನ್ನೂ ಇಡಬೇಕೆಂಬುದು ನನ್ನ ವಾದ. ಇವರಲ್ಲಂತೂ ಈ ಮೂರು ಕಸುಬುಗಳ ನಡುವೆ ಗೋಡೆಯೇ ಇಲ್ಲ.

'ಕರಿಮಾಯಿ'ಯನ್ನೇ ನೋಡಿ. ಚಂದ್ರಶೇಖರ ಕಂಬಾರರ ಕಾದಂಬರಿಯನ್ನು ರಂಗಕ್ಕೆ ತರುವುದು ಸುಲಭದ ಕೆಲಸವಲ್ಲ. ಶಿವಾಪುರವೆಂಬ ಊರು, ಅದರ ಗ್ರಾಮದೇವತೆ, ಆ ಊರೊಳಗೆ ಕಾಲಿಡುವ ಹೊಸ ಕಾಲದ ಆಮಿಷಗಳು, ಇವೆಲ್ಲ ಬರಿಯ ಸಂಭಾಷಣೆಗೆ ದಕ್ಕುವಂಥವಲ್ಲ. ನಿರ್ದೇಶಕಿ ಜಯಶ್ರೀ ಕಥೆಯ ಭಾರವನ್ನು ಹಾಡಿನ ಹೆಗಲಿಗೆ ಹೊರಿಸಿದರು. ಅಲ್ಲಿ ಒಬ್ಬರು ಹಾಡಿ ಉಳಿದವರು ಸುಮ್ಮನೆ ಕೇಳುವುದಿಲ್ಲ, ಊರಿಗೆ ಊರೇ ದನಿಗೂಡಿಸುತ್ತದೆ. ದೃಶ್ಯದಿಂದ ದೃಶ್ಯಕ್ಕೆ ದಾಟುವುದೂ ಲಯದ ಮೇಲೆಯೇ. ತಾನೇ ಹಾಡಬಲ್ಲ ನಿರ್ದೇಶಕಿಗೆ ಮಾತ್ರ ಈ ಧೈರ್ಯ ಬರುತ್ತದೆ.

ಇನ್ನು 'ಸದಾರಮೆ'. ಬೆಳ್ಳಾವೆ ನರಹರಿಶಾಸ್ತ್ರಿಗಳ ಈ ನಾಟಕದಲ್ಲಿ ಕಳ್ಳನ ಪಾತ್ರವೆಂದರೆ ವೀರಣ್ಣ, ವೀರಣ್ಣ ಎಂದರೆ ಆ ಕಳ್ಳ. ಮೊಮ್ಮಗಳು ಅದೇ ಪಾತ್ರವನ್ನು ಕೈಗೆತ್ತಿಕೊಂಡರು. ಹೆಣ್ಣೊಬ್ಬಳು ಗಂಡಿನ ವೇಷ ಹಾಕಿದ್ದು ಇಲ್ಲಿ ದೊಡ್ಡ ಸಂಗತಿಯಲ್ಲ, ಗುಬ್ಬಿ ಮನೆತನಕ್ಕೆ ಅದು ಹೊಸದೂ ಅಲ್ಲ. ನಗೆಗೆ ಬೇಕಾದ ಕಾಲದ ಲೆಕ್ಕ ಈ ಮೈಯಲ್ಲಿ ಎಷ್ಟು ಕರಾರುವಾಕ್ಕಾಗಿ ಇಳಿದಿದೆ ಎನ್ನುವುದೇ ನನಗೆ ಇಂದಿಗೂ ಬೆರಗು.

ಸಿನಿಮಾ ಇವರ ಮುಖಕ್ಕಿಂತ ದನಿಯನ್ನೇ ಹೆಚ್ಚು ಬಳಸಿಕೊಂಡಿತು. ಮಾಧವಿ, ಗಾಯತ್ರಿ, ಜಯಪ್ರದಾ ತೆರೆಯ ಮೇಲೆ ಕನ್ನಡ ಮಾತಾಡಿದಾಗ ನಾವು ಎಷ್ಟೋ ಸಲ ಕೇಳಿದ್ದು ಜಯಶ್ರೀ ಅವರನ್ನೇ. ಬೇರೊಬ್ಬರ ತುಟಿಯ ಅಳತೆಗೆ ಉಸಿರನ್ನು ಕುಗ್ಗಿಸುವ ಆ ಕೆಲಸ, ರಂಗದ ಕಲಿಕೆಗೆ ಪೂರ್ತಿ ತಿರುವುಮುರುವು. ಮುಖ ಕಾಣಿಸಿದ ಪಾತ್ರಗಳಲ್ಲಿ 'ನಾಗಮಂಡಲ'ದ (1997) ಕುರುಡವ್ವ ನನಗೆ ಎಲ್ಲಕ್ಕಿಂತ ಪ್ರಿಯ. 1996ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ರಾಜ್ಯಸಭೆಗೆ ನಾಮಕರಣ, 2013ರ ಪದ್ಮಶ್ರೀ, ಎಲ್ಲವೂ ಸಲ್ಲಬೇಕಾದವೇ.

ಬೆಂಗಳೂರಿನ ಸಿಂಗಾಪುರ, ವಿದ್ಯಾರಣ್ಯಪುರದ ಕಡೆಯ ನಮ್ಮಂಥವರಿಗೆ ಸಂಜೆಯ ಹೊತ್ತು ಹೆಬ್ಬಾಳ ದಾಟಿ ರವೀಂದ್ರ ಕಲಾಕ್ಷೇತ್ರ ಮುಟ್ಟುವುದು ಸಣ್ಣ ಸಾಹಸವೇನಲ್ಲ. ಆದರೂ ಜಯಶ್ರೀ ನಿರ್ದೇಶನದ 'ಲಕ್ಷಾಪತಿ ರಾಜನ ಕಥೆ' ಎಲ್ಲಾದರೂ ಇದೆಯೆಂದು ತಿಳಿದರೆ ಮಕ್ಕಳನ್ನು ಕರೆದುಕೊಂಡು ಬೇಗ ಮನೆ ಬಿಡಿ. ಮಾತು ಯಾವ ಗಳಿಗೆಯಲ್ಲಿ ಹಾಡಾಯಿತು ಎಂದು ಹಿಡಿಯಲು ಅವರಿಗೇ ಹೇಳಿ. ದೊಡ್ಡವರಿಗಿಂತ ಮುಂಚೆ ಹಿಡಿಯುತ್ತಾರೆ.