ಗ್ರೌಬೆನ್ ಯಾಕೆ ಇಳಿಯಲಿಲ್ಲ?

ಜೂಲ್ಸ್ ವರ್ನ್ 1864ರಲ್ಲಿ ಬರೆದ ಭೂಗರ್ಭ ಯಾತ್ರೆಯ ಕಾದಂಬರಿಯಲ್ಲಿ ಗ್ರೌಬೆನ್ ಎಂಬ ಹುಡುಗಿ ಇದ್ದಾಳೆ. ಪ್ರೊಫೆಸರ್ ಲಿಡನ್‌ಬ್ರಾಕ್ ಸಾಕಿಕೊಂಡವಳು, ಕಥೆ ಹೇಳುವ ಆಕ್ಸೆಲ್‌ಗೆ ಮನಸ್ಸು ಕೊಟ್ಟವಳು. ಓದಿದವರಿಗೆ ಸಾಮಾನ್ಯವಾಗಿ ಇಷ್ಟೇ ನೆನಪಿರುತ್ತದೆ. ಆದರೆ ವರ್ನ್ ಇನ್ನೊಂದು ವಿಷಯವನ್ನೂ ಹೇಳಿದ್ದಾನೆ: ಹುಡುಗಿ ಖನಿಜಶಾಸ್ತ್ರದಲ್ಲಿ ಗಟ್ಟಿಗಿತ್ತಿ, ಪಂಡಿತರಿಗೇ ಪಾಠ ಹೇಳುವಷ್ಟು ಬಲ್ಲವಳು. ಅಂಥವಳನ್ನು ಹ್ಯಾಂಬರ್ಗಿನ ಮನೆಯಲ್ಲಿ ಬಿಟ್ಟು ಮೂವರು ಗಂಡಸರು ಐಸ್‌ಲ್ಯಾಂಡಿನ ಜ್ವಾಲಾಮುಖಿಯೊಳಗೆ ಇಳಿಯುತ್ತಾರೆ. ಪುಕ್ಕಲ ಆಕ್ಸೆಲ್‌ನನ್ನು ಹುರಿದುಂಬಿಸಿ ಕಳಿಸುವವಳೂ ಅವಳೇ. ನಾನೂ ಬರುತ್ತಿದ್ದೆ, ಹೆಣ್ಣು ನಿಮಗೆ ತೊಡಕಾದೇನು ಎಂಬರ್ಥದ ಮಾತನ್ನು ಅವಳ ಬಾಯಲ್ಲೇ ಆಡಿಸಿ ಲೇಖಕ ಕೈತೊಳೆದುಕೊಳ್ಳುತ್ತಾನೆ.

ಕೋಲಾರದಲ್ಲಿ ಕೂತು ಇದನ್ನು ಓದಿದರೆ ರುಚಿಯೇ ಬೇರೆ. ಪಕ್ಕದ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಆ ಆಳಕ್ಕೆ ಹೆಂಗಸರು ಕೆಲಸಕ್ಕಿಳಿಯುವುದನ್ನು 1952ರ ಗಣಿ ಕಾಯ್ದೆಯ 46ನೇ ಸೆಕ್ಷನ್ ತಡೆದಿತ್ತು. ತಾಂತ್ರಿಕ, ಮೇಲ್ವಿಚಾರಣೆ ಮತ್ತು ಆಡಳಿತದ ಕೆಲಸಗಳಿಗೆ ಆ ತಡೆ ಸಡಿಲವಾದದ್ದು 2019ರಲ್ಲಿ. ಅಷ್ಟರಲ್ಲಿ ನಮ್ಮ ಗಣಿಯೇ ಮುಚ್ಚಿ 18 ವರ್ಷವಾಗಿತ್ತು. ವರ್ನ್‌ನೊಬ್ಬನನ್ನೇ ಬೈದು ಏನು ಬಂತು?

ಆದರೂ ಬೈಯಲು ಒಂದು ಕಾರಣ ಇದೆ, ಅದರ ಹೆಸರು ಬಿಭಾ ಚೌಧುರಿ. 1913ರಲ್ಲಿ ಹುಟ್ಟಿದ ಈ ಬಂಗಾಳಿ ಭೌತವಿಜ್ಞಾನಿ ದೇಬೇಂದ್ರ ಮೋಹನ ಬೋಸರ ಜೊತೆ ಫೋಟೊ ಪ್ಲೇಟುಗಳ ಮೇಲೆ ವಿಶ್ವಕಿರಣಗಳ ಜಾಡು ಹಿಡಿದು ಮೆಸಾನ್ ಕಣಗಳನ್ನು ಹುಡುಕಿದರು. ಯುದ್ಧಕಾಲದಲ್ಲಿ ಒಳ್ಳೆಯ ಪ್ಲೇಟು ಸಿಗದೆ ಆ ಕೆಲಸ ಅರ್ಧಕ್ಕೆ ನಿಂತಿತು. ಅದೇ ವಿಧಾನವನ್ನು ಉತ್ತಮ ಪ್ಲೇಟುಗಳಲ್ಲಿ ಮುಂದುವರಿಸಿದ ಸೆಸಿಲ್ ಪೊವೆಲ್‌ಗೆ 1950ರ ನೊಬೆಲ್ ಬಂತು. 1949ರಲ್ಲಿ ಹೋಮಿ ಭಾಭಾರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದ ಬಿಭಾ, ಮುಂದೆ ನಮ್ಮ ಕೋಲಾರದ ಚಿನ್ನದ ಗಣಿಯ ವಿಶ್ವಕಿರಣ ಪ್ರಯೋಗಗಳಲ್ಲೂ ಕೈಜೋಡಿಸಿದರು. 2019ರಲ್ಲಿ ಒಂದು ನಕ್ಷತ್ರಕ್ಕೆ ಅವರ ಹೆಸರಿಟ್ಟರು. ಆಗ ಅವರು ತೀರಿಕೊಂಡು 28 ವರ್ಷ. ಇಂಥದೊಂದು ಪಾತ್ರವನ್ನು ಹಳೆಯ ಕಾದಂಬರಿಕಾರ ಯಾರಾದರೂ ಬರೆದಿದ್ದರೆ, ನಂಬಲಾಗದು ಎಂದು ಸಂಪಾದಕರೇ ಹೊಡೆದುಹಾಕುತ್ತಿದ್ದರೋ ಏನೋ.

ವಿಜ್ಞಾನ ಕಥೆಯ ಉಳಿದ ದಿಗ್ಗಜರ ಕಥೆ ಬೇಗ ಮುಗಿಯುತ್ತದೆ. ಎಚ್.ಜಿ. ವೆಲ್ಸ್ 1895ರ ಕಾಲಯಂತ್ರದಲ್ಲಿ ಎಂಟು ಲಕ್ಷ ವರ್ಷ ಮುಂದಕ್ಕೆ ಹಾರಿದರೂ ಅವನಿಗೆ ಕಂಡ ಹೆಣ್ಣು ವೀನಾ: ಹೂ ಕೊಡುತ್ತಾಳೆ, ಹೆದರುತ್ತಾಳೆ, ಕೊನೆಗೆ ಇಲ್ಲವಾಗುತ್ತಾಳೆ. ಅಸಿಮೋವ್‌ನ ಸೂಸನ್ ಕ್ಯಾಲ್ವಿನ್ ವಾಸಿ. ರೋಬಾಟುಗಳ ಮನಸ್ಸು ಬಲ್ಲ ಅವಳಷ್ಟು ಚುರುಕು ಆ ಕಥೆಗಳಲ್ಲಿ ಇನ್ನೊಬ್ಬರಿಲ್ಲ. ಆದರೆ 1941ರ ಕಥೆಯಲ್ಲಿ ಸಹೋದ್ಯೋಗಿಗೆ ನಿನ್ನ ಮೇಲೆ ಪ್ರೀತಿಯಿದೆ ಎಂದು ಒಂದು ರೋಬಾಟು ಸುಳ್ಳು ಹೇಳಿದ್ದೇ ತಡ, ಅವಳು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವಂತೆ ಅಸಿಮೋವ್ ಮಾಡುತ್ತಾನೆ. ಬುದ್ಧಿವಂತೆಗೆ ಹಾಕಿದ ದಂಡ ಅದು. ಕನ್ನಡದ ರಾಜಶೇಖರ ಭೂಸನೂರಮಠ, ಮನು ಅವರ ಲೆಕ್ಕ ಇನ್ನೊಂದು ವಾರಕ್ಕಿರಲಿ. ಅಲ್ಲಿ ಜಗಳವಾಡಲು ಜಾಗ ಜಾಸ್ತಿ ಬೇಕು.

ನಾನು ಮತ್ತೆ ಮತ್ತೆ ಮರಳುವುದು ಕಾದಂಬರಿಯೂ ಅಲ್ಲದ ಒಂದು ಸಣ್ಣ ಕಥೆಗೆ. ಬೇಗಂ ರೊಕೆಯಾ ಬರೆದ ‘ಸುಲ್ತಾನಾಳ ಕನಸು’ 1905ರಲ್ಲಿ ಮದ್ರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅಲ್ಲಿ ಹೆಂಗಸರ ವಿಶ್ವವಿದ್ಯಾಲಯವೊಂದು ಬಲೂನಿಗೆ ಕೊಳವೆ ಜೋಡಿಸಿ ಮೋಡದಿಂದಲೇ ನೀರು ಇಳಿಸಿಕೊಳ್ಳುತ್ತದೆ, ಇನ್ನೊಂದು ಬಿಸಿಲಿನ ಶಾಖವನ್ನು ಕೂಡಿಡುತ್ತದೆ. ಸೈನ್ಯದ ಬಲ ಬೆಳೆಸುವುದರಲ್ಲಿ ಮುಳುಗಿದ್ದ ಗಂಡಸರು ಇವನ್ನು ನೋಡಿ ನಗುತ್ತಾರೆ. ಆಮೇಲೆ ಶತ್ರು ಬಂದಾಗ ಓಡಿಸುವುದು ಅದೇ ಬಿಸಿಲು. ವಿಜ್ಞಾನವಿಲ್ಲದೆ ಈ ಕಥೆ ಒಂದು ಹೆಜ್ಜೆಯೂ ನಡೆಯದು, ಆ ವಿಜ್ಞಾನ ಪೂರ್ತಿ ಹೆಂಗಸರದು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಕೊಳವೆಬಾವಿ ಸಾವಿರ ಅಡಿ ದಾಟಿದ್ದು ಕಂಡವರಿಗೆ, ಬೆಂಗಳೂರಿನ ಶುದ್ಧೀಕರಿಸಿದ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದದ್ದು ಕಂಡವರಿಗೆ, ರೊಕೆಯಾರ ಬಲೂನು ನಗೆಯ ವಸ್ತುವಾಗಿ ಕಾಣುವುದಿಲ್ಲ. ಬಯಲುಸೀಮೆಯಲ್ಲಿ ಬಿಂದಿಗೆ ಹಿಡಿದು ನೀರಿಗೆ ನಿಂತವರು ಯಾರು ಎಂದು ನಮಗೆ ಗೊತ್ತು. ನೀರಿನ ಯಂತ್ರ ಮೊದಲು ಹೊಳೆಯಬೇಕಾದದ್ದು ಅವರಿಗೇ.

ತಕರಾರು ಇಲ್ಲವೆಂದಲ್ಲ. ರೊಕೆಯಾರ ನಾಡಿನಲ್ಲಿ ಗಂಡಸರು ಮರ್ದಾನಾ ಎಂಬ ಗಂಡಸರ ಅಂತಃಪುರದೊಳಗೆ ಬಂದಿ. ಪರದೆಯ ವ್ಯಂಗ್ಯವಾಗಿ ಅದು ಸರಿಯಾಗಿ ಕುಟುಕುತ್ತದೆ, ರಾಜ್ಯವ್ಯವಸ್ಥೆಯಾಗಿ ನಿಲ್ಲುವುದಿಲ್ಲ. ಹೊಲದ ಕೂಲಿಯವಳು ಅಲ್ಲಿ ಕಾಣುವುದೇ ಇಲ್ಲ, ಉಳುಮೆಯನ್ನು ವಿದ್ಯುತ್ತು ಮಾಡಿಬಿಡುತ್ತದೆ. ಆದರೆ ಹಲಗೆಗೆ ಎರಡು ಸೀಟು ಸ್ಕ್ರೂ ಹಾಕಿ ಬಿಗಿದು, ತನ್ನ ವಾಯುರಥವನ್ನು ತಾನೇ ಜೋಡಿಸಿ ಹಾರುವ ಆ ಕಥೆಯ ಸಿಸ್ಟರ್ ಸಾರಾಳನ್ನು ಓದಿದ ಮೇಲೆ ವೀನಾಳ ಹೂಗಳನ್ನು ಸಹಿಸಿಕೊಳ್ಳುವುದು ಕಷ್ಟ. ವರ್ನ್, ವೆಲ್ಸ್ ಓದುವವರಿದ್ದರೆ ಅವರನ್ನೇ ಮೊದಲು ಮುಗಿಸಿಕೊಳ್ಳಿ.